ಗಾಳಿಗೆ ಮುರಿದ ದಾಸವಾಳಕ್ಕೆ ಬೈಪಾಸ್ ಕತ್ತರಿಯೇ ಸೈ

ಒಂದೇ ರಾತ್ರಿಯ ಗಾಳಿಮಳೆಗೆ ನನ್ನ ದಾಸವಾಳದ ಪೊದೆ ಅರ್ಧಕ್ಕರ್ಧ ಮುರಿದಿತ್ತು. ಪಕ್ಕದ ಗುಲಾಬಿ, ನಂದಿಬಟ್ಟಲಿನ ಗತಿಯೂ ಅದೇ. ಗಿಡ ಸವರುವ ಹಳೇ ಬೈಪಾಸ್ ಕತ್ತರಿಯ ಸ್ಪ್ರಿಂಗ್ ಹೋಗಿದ್ದರಿಂದ ಆತುರದಲ್ಲಿ ಒಂದು ಆನ್ವಿಲ್ ಕತ್ತರಿ ಕೊಂಡು ತಂದೆ. ಹಂತಹಂತವಾಗಿ ಒತ್ತಿ ಕತ್ತರಿಸುವ ರ‍್ಯಾಚೆಟ್ ಇದೆ, ಕೈ ನೋಯುವುದಿಲ್ಲ ಅಂದಿದ್ದರು. ಕೈ ನೋಯಲಿಲ್ಲ, ನಿಜ. ನೋವಾಗಿದ್ದು ಗಿಡಕ್ಕೆ.

ಬೈಪಾಸ್‌ನಲ್ಲಿ ಅಲಗು ಎದುರಿನ ಕೊಕ್ಕೆಯ ಪಕ್ಕಕ್ಕೆ ಉಜ್ಜಿಕೊಂಡು ಹಾದು ಹೋಗುತ್ತದೆ, ಬಟ್ಟೆ ಕತ್ತರಿಯ ಹಾಗೆ. ಆನ್ವಿಲ್‌ನಲ್ಲಿ ಅಲಗು ಒಂದು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುತ್ತದೆ. ಮಣೆ ಮೇಲೆ ಸೊಪ್ಪಿಟ್ಟು ಚಾಕು ಒತ್ತುತ್ತೇವಲ್ಲ, ಹಾಗೆ. ಒಣ ಕಡ್ಡಿಗೆ ಇದು ಚೆನ್ನಾಗಿಯೇ ಇದೆ. ಆದರೆ ದಾಸವಾಳದ ತೊಗಟೆ ಬರೀ ನಾರು. ಒಳಗಿನ ಕಟ್ಟಿಗೆ ತುಂಡಾದರೂ ಪಟ್ಟಿಗೆ ಒತ್ತಿಕೊಂಡ ನಾರು ತುಂಡಾಗುವುದಿಲ್ಲ. ರೆಂಬೆ ಅದಕ್ಕೇ ಜೋತಾಡುತ್ತಿರುತ್ತದೆ. ನಾನು ಸುಮ್ನೆ ಹಿಡಿದು ಎಳೆದೆ ನೋಡಿ, ಗೇಣುದ್ದದ ಸಿಪ್ಪೆ ಕೆಳಗಿನ ಗಟ್ಟಿ ಕೊಂಬೆಯಿಂದ ಸರ್ರನೆ ಸುಲಿದು ಬಂತು! ಗಾಳಿ ಮಾಡಿದ್ದಕ್ಕಿಂತ ನಾನು ಮಾಡಿದ ಗಾಯವೇ ಜಾಸ್ತಿ.

ಅಷ್ಟಕ್ಕೇ ಮುಗಿಯಲಿಲ್ಲ. ಉಳಿದ ತುದಿಗಳು ಜಜ್ಜಿಹೋಗಿದ್ದವು. ಕೆಲವೇ ದಿನಗಳಲ್ಲಿ ಕಪ್ಪಾಗಿ ಗೆಣ್ಣಿನ ತನಕ ಒಣಗಿದವು. ಅವನ್ನೆಲ್ಲ ಇನ್ನೊಂದು ಗೆಣ್ಣು ಕೆಳಗೆ ಮತ್ತೆ ಕತ್ತರಿಸಬೇಕಾಯ್ತು. ಸಾಲದ್ದಕ್ಕೆ ಆ ದಪ್ಪ ಪಟ್ಟಿ ಕವಲಿನ ಸಂದಿಗೆ ತೂರುವುದೇ ಇಲ್ಲ. ಎಲ್ಲಿ ನೋಡಿದರೂ ಮೋಟು.

ಕೊನೆಗೆ ಹಳೇ ಬೈಪಾಸ್‌ಗೆ ಹೊಸ ಸ್ಪ್ರಿಂಗ್ ಹಾಕಿದೆ. ಮೊದಲೇ ಹಾಕಿದ್ದರೆ ಆಗ್ತಿತ್ತು, ಅಲ್ವಾ? ಹೊರಕ್ಕೆ ಮುಖ ಮಾಡಿದ ಚಿಗುರಿನ ಕಣ್ಣು ನೋಡಿ, ಅದರ ಮೇಲೆ ಅರ್ಧ ಸೆಂಟಿಮೀಟರ್ ಬಿಟ್ಟು ಓರೆಯಾಗಿ ಕತ್ತರಿಸಿದರೆ ಕೊಯ್ದ ಜಾಗ ನುಣ್ಣಗಿರುತ್ತದೆ. ಅಲಗು ಉಳಿಯುವ ಕೊಂಬೆಯ ಕಡೆ ಇರಬೇಕು, ಕೊಕ್ಕೆ ಬೀಳುವ ತುಂಡಿನ ಕಡೆ. ಇದಕ್ಕೂ ಒಂದು ಚಾಳಿ ಇದೆ. ಹೆಬ್ಬೆರಳಿಗಿಂತ ದಪ್ಪ ಕೊಂಬೆಗೆ ಹಾಕಿ ತಿರುಚಿದರೆ ಅಲಗು ಸಡಿಲವಾಗುತ್ತದೆ. ಆಮೇಲೆ ಇದೂ ನಾರು ಅಗಿಯುತ್ತದೆ.

ಅಂಥ ಕೊಂಬೆಗೆ ಮಡಚುವ ಗರಗಸ. ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ದರೆ ಭಾರಕ್ಕೆ ಸಿಪ್ಪೆ ಸೀಳುವುದಿಲ್ಲ. ಉಳಿದ ಮೋಟನ್ನು ಕೊಂಬೆಯ ಬುಡದ ಉಬ್ಬಿಗೆ ತಾಗದಂತೆ ಕೊನೆಗೆ ತೆಗೆಯಬೇಕು. ಸಣ್ಣ ರೆಂಬೆಗೆ ಗರಗಸ ಬರೀ ಕಿರಿಕಿರಿ, ಗಿಡವೆಲ್ಲ ಅಲ್ಲಾಡುತ್ತದೆ.

ಗಾಯಕ್ಕೆ ಪೇಂಟ್ ಬಳಿಯಲಿಲ್ಲ, ಬೇಕಾಗಿಯೂ ಇಲ್ಲ.

ಒಂದಕ್ಕೇ ದುಡ್ಡಿದ್ದರೆ ಬೈಪಾಸ್ ತಗೊಳ್ಳಿ. ನನಗಂತೂ ಹತ್ಯಾರು ಒರೆಸಿಡುವ ಶಿಸ್ತಿಲ್ಲ. ಹಾಗಾಗಿ ನಟ್ಟು ಬಿಚ್ಚಿ ತೊಳೆದು, ಅಲಗಿನ ಹೊರಗಿನ ಓರೆ ಬದಿಯನ್ನಷ್ಟೇ ಮಸೆದರೆ ಸಾಕಾಗುವ ಕತ್ತರಿಯೇ ನನಗೆ ಸರಿ. ಮುಂದೆ ಕೈಯಲ್ಲಿ ಕಾಸಾದರೆ ಗರಗಸ. ಆನ್ವಿಲ್ ಈಗ ಗೊಬ್ಬರದ ಗುಂಡಿಯ ಹತ್ತಿರ ಒಣ ಕಡ್ಡಿ ತುಂಡು ಮಾಡಿಕೊಂಡಿದೆ.