ಪೆಡಲ್ ಬೂಸ್ಟರ್: ವರ್ಷದ ಮೇಲೆ ಬಳಸಿದ ನಂತರ

ಆಕ್ಸಿಲರೇಟರ್ ಒತ್ತಿದ ಮೇಲೂ ಕಾರು ಒಂದು ಕ್ಷಣ ಯೋಚಿಸಿ ಹೊರಡುತ್ತದೆ ಅನ್ನುವವರಿಗೆ ಈ ಪುಟ್ಟ ಡಬ್ಬಿ ಮಾರುತ್ತಾರೆ. ನನ್ನ ಪೆಟ್ರೋಲ್ ಕಾರಿನಲ್ಲಿ ಹಾಕಿ ವರ್ಷದ ಮೇಲಾಯಿತು. ಡಬ್ಬಿಯ ಮೇಲೆ 'ಪವರ್' ಅಂತ ದೊಡ್ಡದಾಗಿ ಬರೆದಿದ್ದಾರೆ. ಅದು ಸುಮ್ನೆ. ಪವರ್ ಒಂದಿಷ್ಟೂ ಹೆಚ್ಚಾಗುವುದಿಲ್ಲ.

ಹಿಂದೆಲ್ಲ ಪೆಡಲ್‌ನಿಂದ ಇಂಜಿನ್‌ವರೆಗೆ ಕೇಬಲ್ ಇರುತ್ತಿತ್ತು. ಈಗ ಪೆಡಲ್ ಬುಡದಲ್ಲಿ ಸೆನ್ಸರ್ ಇದೆ. ಎಷ್ಟು ಒತ್ತಿದ್ದೀರಿ ಅಂತ ಅದು ವೋಲ್ಟೇಜ್ ಲೆಕ್ಕದಲ್ಲಿ ಇಸಿಯುಗೆ, ಅಂದರೆ ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ಗೆ, ತಿಳಿಸುತ್ತದೆ. ಇಸಿಯು ಹೇಳಿದಷ್ಟು ಥ್ರಾಟಲ್ ತಟ್ಟೆ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ತೆರೆಯುತ್ತದೆ. ಒಳಗೆ ಬಂದ ಗಾಳಿಗೆ ತಕ್ಕಂತೆ ಪೆಟ್ರೋಲ್ ಬೀಳುತ್ತದೆ, ಸಾಮಾನ್ಯವಾಗಿ 14.7 ಕೆಜಿ ಗಾಳಿಗೆ 1 ಕೆಜಿ. ಅಂದರೆ ನಾವು ಕಾಲಿನಿಂದ ಕೇಳುವುದು ಎಳೆತವನ್ನು, ವೇಗವನ್ನಲ್ಲ. ಕಾಲು ಅಲ್ಲಾಡಿಸದೇ ಇದ್ದರೂ ಏರಿನಲ್ಲಿ ಸ್ಪೀಡ್ ಇಳಿಯುವುದು ಅದಕ್ಕೇ.

ಬೂಸ್ಟರ್ ಕೂರುವುದು ಸೆನ್ಸರ್ ಮತ್ತು ಇಸಿಯು ಮಧ್ಯೆ. ನೀವು ಕಾಲು ಭಾಗ ಒತ್ತಿದರೆ ಅದು 'ಅರ್ಧ ಒತ್ತಿದ್ದಾರೆ' ಅಂತ ಸುಳ್ಳು ಹೇಳುತ್ತದೆ, ಅಷ್ಟೇ. ಪೂರ್ತಿ ಒತ್ತಿದಾಗ ಬೂಸ್ಟರ್ ಇದ್ದರೂ ಇಲ್ಲದಿದ್ದರೂ ಒಂದೇ.

ಓವರ್‌ಟೇಕ್ ಮಾಡುವಾಗ ಮಾತ್ರ ಖುಷಿ ಕೊಟ್ಟಿದೆ. ಮೂರನೇ ಗೇರ್‌ನಲ್ಲಿ ಸ್ವಲ್ಪ ಒತ್ತಿದರೆ ಸಾಕು, ಕಾರು ಮುಂದಕ್ಕೆ ಜಿಗಿಯುತ್ತದೆ. ಆದರೆ ಅಂಗುಲ ಅಂಗುಲ ಸರಿಯುವ ಟ್ರಾಫಿಕ್‌ನಲ್ಲಿ ಇದೇ ಜಿಗಿತ ಪ್ರಾಣ ತಿನ್ನುತ್ತದೆ. ಮೊದಲ ಗೇರ್‌ನಲ್ಲಿ ಕಾಲು ತಾಗಿಸಿದರೂ ಹಿಂದೆ ಕೂತವರ ತಲೆ ಸೀಟಿಗೆ ಬಡಿಯುತ್ತದೆ. ರಸ್ತೆ ಗುಂಡಿಯಲ್ಲಿ ಕಾಲು ಸ್ವಲ್ಪ ಅದುರಿದರೆ ಕಾರು ಅದರ ಎರಡರಷ್ಟು ಅದುರುತ್ತದೆ. ಪಾರ್ಕಿಂಗ್‌ನಲ್ಲಿ ರಿವರ್ಸ್ ತೆಗೆಯುವಾಗಂತೂ ನಾನು ಬೂಸ್ಟರ್‌ನ ಸ್ಪೋರ್ಟ್ ಸೆಟ್ಟಿಂಗ್ (ಜಿಗಿತ ಹೆಚ್ಚಿಸುವುದು) ಮುಟ್ಟುವುದೇ ಇಲ್ಲ.

ಮೈಲೇಜ್ ಬಿದ್ದೇ ಬೀಳುತ್ತದೆ ಅಂತ ಹೆದರಿಸುವವರಿದ್ದಾರೆ. ಸಮತಟ್ಟು ರಸ್ತೆಯಲ್ಲಿ 80 ಕಿ.ಮೀ. ವೇಗ ಕಾಯ್ದುಕೊಳ್ಳಲು ಬೇಕಾದ ಥ್ರಾಟಲ್ ಬೂಸ್ಟರ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ. ಕಾಲು ಸ್ವಲ್ಪ ಕಡಿಮೆ ಒತ್ತಿರುತ್ತೆ, ಅಷ್ಟೇ ವ್ಯತ್ಯಾಸ. ಜಿಗಿತದ ರುಚಿ ಹತ್ತಿ ಪದೇ ಪದೇ ಒತ್ತಿದರೆ ಪೆಟ್ರೋಲ್ ಕುಡಿಯದೆ ಇರುತ್ತಾ? ಇನ್ನು ಟರ್ಬೊ (ಇಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಫ್ಯಾನ್) ಇರುವ ಕಾರಿನವರು ಗಮನಿಸಿ: ಟರ್ಬೊ ತಿರುಗಿ ಒತ್ತಡ ಕಟ್ಟಲು ಹಿಡಿಯುವ ಹೊತ್ತನ್ನು ಯಾವ ಡಬ್ಬಿಯೂ ಅಳಿಸಲಾರದು.

ಒಂದು ತೊಂದರೆ ಆಯಿತು. ಕನೆಕ್ಟರ್ ಸಡಿಲವಾಗಿ ಇಂಜಿನ್ ಲೈಟ್ ಹತ್ತಿತು, ಎಷ್ಟು ಒತ್ತಿದರೂ ಕಾರು ತೆವಳಿತು. ಪೆಡಲ್‌ನಲ್ಲಿ ಸುರಕ್ಷತೆಗೆಂದು ಎರಡು ಸೆನ್ಸರ್ ಇರುತ್ತವೆ. ಎರಡರ ಲೆಕ್ಕ ತಾಳೆಯಾಗದಿದ್ದರೆ ಇಸಿಯು ಪವರ್ ಕಡಿತ ಮಾಡುತ್ತದೆ. ಆ ವಿಷಯದಲ್ಲಿ ಕಾರು ಸರಿಯಾಗಿಯೇ ನಡೆದುಕೊಂಡಿತು. ಬೂಸ್ಟರ್ ಮಾರಿದವರು ಮಾತ್ರ ಫೋನೇ ಎತ್ತಲಿಲ್ಲ. ಕ್ಲಿಪ್ ನಾನೇ ಒತ್ತಿ ಕೂರಿಸಿದೆ.

ಈಗ ನಾನು ಹೆಚ್ಚಾಗಿ ಬಳಸುವುದು ಅದರ ಇಕೋ ಸೆಟ್ಟಿಂಗ್. ಅದು ಉಲ್ಟಾ ಕೆಲಸ ಮಾಡಿ ಪೆಡಲನ್ನು ಮಂದ ಮಾಡುತ್ತದೆ. ಮಳೆಯಲ್ಲಿ ಚಕ್ರ ಜಾರದಂತೆ ಹೊರಡಲು ಅನುಕೂಲ. ಜಾಹೀರಾತಿನಲ್ಲಿ ಇದರ ಸುದ್ದಿಯೇ ಇಲ್ಲ ನೋಡಿ! ನಿಮ್ಮ ಕಾರಿನಲ್ಲೇ ಇಕೋ, ಸ್ಪೋರ್ಟ್ ಮೋಡ್ ಇದ್ದರೆ ಇದಕ್ಕೆ ದುಡ್ಡು ಹಾಕಬೇಡಿ. ಬಿಚ್ಚುವುದು ಸುಲಭ, ಆದರೆ ಕಾರು ಆಫ್ ಮಾಡಿ ಕೆಲವು ನಿಮಿಷ ಬಿಟ್ಟು ಬಿಚ್ಚಿ, ಇಲ್ಲದಿದ್ದರೆ ಅದಕ್ಕೂ ಲೈಟ್ ಹತ್ತಬಹುದು. ಸರ್ವಿಸ್‌ಗೆ ಕೊಡುವ ಮೊದಲು ನಾನು ತೆಗೆದಿಡುತ್ತೇನೆ. ವಾರಂಟಿ ಜಗಳ ಯಾರಿಗೆ ಬೇಕು?