ಸಾವಿರ ಚದರಡಿ ಹುಲ್ಲುಹಾಸು: ತಿಂಗಳ ಮಾಲಿಯೋ, ವರ್ಷದ ಒಪ್ಪಂದವೋ, ದಿನಗೂಲಿ ತಂಡವೋ?

ಬೆಂಗಳೂರಿನಲ್ಲಿ ಮನೆ ಮುಂದಿನ ಹುಲ್ಲುಹಾಸನ್ನು ನೋಡಿಕೊಳ್ಳಲು ಮೂರು ಥರದವರು ಸಿಗುತ್ತಾರೆ. ವಾರಕ್ಕೆರಡು ಸಲ ಬಂದುಹೋಗುವ ತಿಂಗಳ ಸಂಬಳದ ಮಾಲಿ, ವರ್ಷಕ್ಕೆ ಇಷ್ಟು ಸಲ ಎಂದು ಬರೆದುಕೊಟ್ಟು ಒಪ್ಪಂದ ಮಾಡಿಕೊಳ್ಳುವ ಕಂಪನಿ, ಕರೆದಾಗ ಮೆಷಿನ್ ಹೊತ್ತು ಬರುವ ದಿನಗೂಲಿ ತಂಡ. ಸಾವಿರ ಚದರಡಿ ಮೆಕ್ಸಿಕನ್ ಹುಲ್ಲಿನ ಮೇಲೆ ಮೂವರ ಕೆಲಸವನ್ನೂ ತಲಾ ಒಂದು ವರ್ಷ ನೋಡಿದ ಮೇಲೆ ನಮ್ಮ ತೀರ್ಮಾನ ಇಷ್ಟು: ವಾರದ ಕೆಲಸಕ್ಕೆ ಮಾಲಿ, ಮಳೆಗಾಲ ಶುರುವಾದಾಗಿನ ಭಾರೀ ಕೆಲಸಕ್ಕೆ ದಿನಗೂಲಿ ತಂಡ. ಹಾಸು ಎರಡು ಸಾವಿರ ಚದರಡಿ ದಾಟಿದರೆ ಮಾತ್ರ ಕಂಪನಿಯ ಮಾತು. ಹೀಗೆ ಹೇಳಲು ಮೊದಲ ಕಾರಣ ಜೇಕು ಎಂಬ ಕಳೆ.

ಹುಲ್ಲು ಕತ್ತರಿಸಿದ ಮೂರನೇ ದಿನ ಹಾಸಿನ ಮೇಲೆ ಕಣ್ಣಾಡಿಸಿ. ಸುತ್ತಲಿನ ಹುಲ್ಲಿಗಿಂತ ಒಂದಂಗುಲ ಮೇಲೆದ್ದು ಮಿರಮಿರ ಹೊಳೆಯುವ ಎಲೆ ಕಂಡರೆ ಅದೇ ಜೇಕು. ಹೂಬಿಟ್ಟ ಕಡ್ಡಿಯನ್ನು ಬೆರಳ ನಡುವೆ ಉರುಳಿಸಿದರೆ ಮೂರು ಏಣು ತಾಗುತ್ತವೆ. ಎಲೆ ಹಿಡಿದು ಎಳೆದರೆ ಬುಡದಲ್ಲಿ ಪಟ್ಟನೆ ತುಂಡಾಗಿ ಗಡ್ಡೆ ಒಳಗೇ ಉಳಿಯುತ್ತದೆ. ದಾರದಂಥ ಬೇರಿನಲ್ಲಿ ಒಂದಕ್ಕೊಂದು ಪೋಣಿಸಿದ ಹಾಗೆ ಗಡ್ಡೆಗಳಿರುತ್ತವೆ, ಒಂದು ಕಿತ್ತರೆ ಪಕ್ಕದ್ದು ಚಿಗುರುತ್ತದೆ. ಉದ್ದನೆಯ ಸ್ಕ್ರೂಡ್ರೈವರನ್ನು ಬುಡದ ಪಕ್ಕದಲ್ಲಿ ನಾಲ್ಕೈದು ಇಂಚು ಇಳಿಸಿ, ಮೀಟಿ, ಗಡ್ಡೆ ಸಮೇತ ಎತ್ತಬೇಕು. ಉಳಿದ ಗಡ್ಡೆ ಚಿಗುರಿದಾಗೆಲ್ಲ ವಾರ ವಾರವೂ ಕಿತ್ತರೆ ಅದರ ಕಸುವು ಇಳಿಯುತ್ತಾ ಬರುತ್ತದೆ. ಮೂರ್ನಾಲ್ಕು ವಾರ ಬಿಟ್ಟರೆ ಹೊಸ ಗಡ್ಡೆ ಕಟ್ಟಲು ಶುರುವಾಗಿ ಹಿಂದಿನ ಶ್ರಮವೆಲ್ಲ ನೀರುಪಾಲು. ವಾರಕ್ಕೆರಡು ಸಲ ಬರುವ ಮಾಲಿ ಪ್ರತಿ ಸಲ ಹತ್ತು ನಿಮಿಷ ಕೂತು ಮಾಡುವ ಈ ಕೆಲಸವನ್ನು ಹದಿನೈದು ದಿನಕ್ಕೊಮ್ಮೆ ಬರುವ ಕಂಪನಿಯ ಹುಡುಗರು ಮಾಡಲಾರರು. ಬಂದವರಿಗೆ ಅರ್ಧ ದಿನದಲ್ಲಿ ಇನ್ನೂ ಮೂರು ಮನೆ ಮುಗಿಸಬೇಕಾಗಿರುತ್ತದೆ.

ಕಂಪನಿಯವರು ಇದಕ್ಕೆ ಬದಲಾಗಿ ಔಷಧಿ ಹೊಡೆಯುತ್ತಾರೆ. ಯಾವ ಡಬ್ಬಿ ಎಂದು ಕೇಳಿ, ಲೇಬಲ್ ನೋಡಿ. 2,4-ಡಿ ಅಗಲೆಲೆ ಕಳೆಗೆ ಮಾತ್ರ, ಜೇಕಿನ ಗಡ್ಡೆಗೆ ಅದು ಸಾಲದು. ಗಾಳಿ ಇರುವಾಗ ಹೊಡೆದರೆ ಪಕ್ಕದ ಗುಲಾಬಿ, ದಾಸವಾಳದ ಚಿಗುರು ಮುರುಟಿಕೊಳ್ಳುತ್ತದೆ. ಅಗಲ ಎಲೆಯ ಬಫೆಲೋ ಹುಲ್ಲಿಗೂ ಅದು ಹಾನಿ. ಗ್ಲೈಫೊಸೇಟ್ ಆದರೆ ಕಳೆಯ ಜೊತೆ ಹುಲ್ಲನ್ನೂ ಸುಡುತ್ತದೆ. ಪರವಾನಗಿ ಇರುವ ಕೀಟ ನಿಯಂತ್ರಣದವರ ಮೂಲಕವಷ್ಟೇ ಅದನ್ನು ಬಳಸಬೇಕೆಂದು ಕೇಂದ್ರ 2022ರಲ್ಲಿ ಆದೇಶವನ್ನೂ ಹೊರಡಿಸಿತ್ತು.

ಕತ್ತರಿಸುವುದರಲ್ಲೂ ಮೂವರ ಕೈ ಬೇರೆ ಬೇರೆ. ದಿನಗೂಲಿ ತಂಡ ತರುವುದು ಹೆಗಲಿಗೆ ನೇತುಹಾಕುವ ಬ್ರಷ್ ಕಟರ್. ಅದರ ನೈಲಾನ್ ದಾರ ಹುಲ್ಲನ್ನು ಕತ್ತರಿಸುವುದಕ್ಕಿಂತ ಹರಿಯುತ್ತದೆ. ಮಾರನೆಯ ದಿನ ತುದಿಗಳು ನಾರುನಾರಾಗಿ ಬೆಳ್ಳಗೆ ಕಾಣುತ್ತವೆ. ಕೈ ತೂಗಿದಂತೆ ಎತ್ತರವೂ ಏರಿಳಿದು ಅಲ್ಲಲ್ಲಿ ಬುಡವೇ ಬೋಳಾಗುತ್ತದೆ. ಅಂಚಿಗೆ, ಕಲ್ಲಿನ ಸಂದಿಗೆ ಅದು ಸರಿ, ಇಡೀ ಹಾಸಿಗೆ ಬೇಡ. ಕಂಪನಿಯ ಪೆಟ್ರೋಲ್ ಮೆಷಿನ್ ಸಮವಾಗಿ ಕತ್ತರಿಸುತ್ತದೆ. ಆದರೆ ಮನೆಯಿಂದ ಮನೆಗೆ ಹೋಗುವ ಮೆಷಿನ್ನಿನ ಹೊಟ್ಟೆಗೆ ಅಂಟಿದ ಕಸದಲ್ಲಿ ಎಲ್ಲರ ಮನೆಯ ಕಳೆಬೀಜವೂ ಇರುತ್ತದೆ. ಗೇಟಿನ ಹೊರಗೇ ತೊಳೆದು ಒಳಗೆ ತರಲು ಹೇಳಿ. ನಮ್ಮ ಮತ ಮನೆಯಲ್ಲೇ ಒಂದು ತಳ್ಳುವ ಸಿಲಿಂಡರ್ ಮೋವರ್ ಇಟ್ಟು ಮಾಲಿಯ ಕೈಗೆ ಕೊಡುವುದು. ಸಾವಿರ ಚದರಡಿಗೆ ಮುಕ್ಕಾಲು ಗಂಟೆ ಸಾಕು. ಹಳೆ ಪೇಪರ್ ತುಂಡನ್ನು ಬ್ಲೇಡಿಗೆ ಕೊಟ್ಟು ಸಿಲಿಂಡರ್ ತಿರುಗಿಸಿದಾಗ ಕಚಕ್ಕನೆ ತುಂಡಾಗಬೇಕು, ಮಡಚಿಕೊಂಡರೆ ಸಾಣೆ ಬೇಕು ಎಂದರ್ಥ. ಆಯುಧಪೂಜೆಗೆ ಹೇಗೂ ಮೆಷಿನ್ ತೊಳೆದು ಪೂಜೆ ಮಾಡುತ್ತೇವೆ, ಅದರ ಹಿಂದಿನ ವಾರ ಸಾಣೆ ಹಿಡಿಸಿಬಿಟ್ಟರೆ ನೆನಪಿನ ತೊಂದರೆ ಇಲ್ಲ.

ಎತ್ತರದ ವಿಷಯದಲ್ಲಿ ತಪ್ಪು ಹೆಚ್ಚಾಗಿ ಮನೆಯವರದೇ. "ಇನ್ನೂ ಸಣ್ಣಗೆ ಹೊಡೀರಿ, ಒಂದು ತಿಂಗಳು ಬರೋದು ಬೇಡ" ಎಂದು ಹೇಳಿಸಿಕೊಳ್ಳದ ಕೆಲಸದವರಿಲ್ಲ. ಮೆಕ್ಸಿಕನ್, ಬರ್ಮುಡಾ ಹುಲ್ಲು ಒಂದರಿಂದ ಒಂದೂವರೆ ಇಂಚು, ಬಫೆಲೋ ಎರಡರಿಂದ ಮೂರು ಇಂಚು ಇರಲಿ. ಒಂದೇ ಸಲಕ್ಕೆ ಮೂರನೇ ಒಂದು ಪಾಲಿಗಿಂತ ಹೆಚ್ಚು ತೆಗೆದರೆ ಹುಲ್ಲು ಬೇರಿಗೆ ಕಳಿಸಬೇಕಾದ್ದನ್ನು ಎಲೆಗೇ ಖರ್ಚು ಮಾಡುತ್ತದೆ. ಆ ಬೋಳು ಜಾಗದಲ್ಲಿ ಮೊದಲು ಏಳುವುದು ಕಳೆ.

ಕಂಪನಿಯ ಒಪ್ಪಂದವನ್ನು ಓದುವಾಗ ಭೇಟಿಗಳ ಹಂಚಿಕೆ ನೋಡಿ. ವರ್ಷಕ್ಕೆ 24 ಎಂದರೆ ತಿಂಗಳಿಗೆರಡು ಎಂದು ಬರೆದಿರುತ್ತಾರೆ. ಜನವರಿಯ ಚಳಿಯಲ್ಲಿ ಹುಲ್ಲು ಬೆಳೆಯುವುದೇ ಕಡಿಮೆ, ಜುಲೈನಲ್ಲಿ ವಾರಕ್ಕೇ ಉದ್ದವಾಗುತ್ತದೆ. ಅದೇ 24ನ್ನು ಜೂನ್‌ನಿಂದ ಅಕ್ಟೋಬರ್‌ವರೆಗೆ 14, ನವೆಂಬರ್‌ನಿಂದ ಫೆಬ್ರವರಿಗೆ 4, ಮಾರ್ಚ್‌ನಿಂದ ಮೇಗೆ 6 ಎಂದು ಬರೆಸಿಕೊಳ್ಳಿ. ಗೊಬ್ಬರ, ಔಷಧಿ, ಕತ್ತರಿಸಿದ ಹುಲ್ಲಿನ ಸಾಗಣೆ, ಜಿಎಸ್‌ಟಿ ಒಳಗೋ ಹೊರಗೋ ಎಂಬುದೂ ಅದರಲ್ಲೇ ಬರಲಿ.

ಗೊಬ್ಬರದಲ್ಲಿ ಮಾತ್ರ ಕಂಪನಿಯವರೇ ಮುಂದು, ಅಳೆದು ಹಾಕುತ್ತಾರೆ. ಮಾಲಿ ಯೂರಿಯಾವನ್ನು ಮುಷ್ಟಿಯಿಂದ ಎರಚಿದರೆ ಹತ್ತು ದಿನದಲ್ಲಿ ಕಡುಹಸಿರು ಪಟ್ಟೆ, ನಡುನಡುವೆ ಸುಟ್ಟ ಮಚ್ಚೆ. ಸಾವಿರ ಚದರಡಿಗೆ ಅರ್ಧ ಕಿಲೋ ಸಾಕು. ಅದನ್ನು ಐದು ಕಿಲೋ ಒಣ ಮರಳಿಗೆ ಬೆರೆಸಿ, ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ, ಎಲೆ ಒಣಗಿರುವಾಗ ಎರಚಿ ಕೂಡಲೇ ನೀರು ಬಿಡಬೇಕು. ಈ ಕ್ರಮವನ್ನು ಒಮ್ಮೆ ಜೊತೆಗೆ ನಿಂತು ಮಾಡಿದರೆ ಮಾಲಿ ಮುಂದೆ ತಪ್ಪುವುದಿಲ್ಲ.

ನೀರು ಯಾರ ಒಪ್ಪಂದದಲ್ಲೂ ಸರಿಯಾಗಿ ಇರುವುದಿಲ್ಲ. ಸಾವಿರ ಚದರಡಿಗೆ ಒಂದಿಂಚು ನೀರೆಂದರೆ ಸುಮಾರು 2,360 ಲೀಟರ್. ಬೇಸಿಗೆಯಲ್ಲಿ ವಾರಕ್ಕೆ ಅಷ್ಟು, ಎರಡು ಸಲಕ್ಕೆ ಹಂಚಿ, ಬೆಳಗಿನ ಹೊತ್ತು. ಪೈಪಿನಿಂದ 15 ಲೀಟರ್ ಬಕೆಟ್ ಒಂದು ನಿಮಿಷಕ್ಕೆ ತುಂಬುತ್ತದೆ ಅಂದುಕೊಳ್ಳಿ. ಮಾಲಿ ಹತ್ತು ನಿಮಿಷ ಚಿಮುಕಿಸಿದರೆ ಬಿದ್ದದ್ದು 150 ಲೀಟರ್, ಎರಡು ಮಿಲಿಮೀಟರ್ ಕೂಡ ಅಲ್ಲ. ಬೇರು ಮೇಲೇ ಉಳಿಯುತ್ತದೆ. ಅದೇ ಸ್ಕ್ರೂಡ್ರೈವರ್ ನಾಲ್ಕಿಂಚು ಸಲೀಸಾಗಿ ಇಳಿದರೆ ನೀರು ತಲುಪಿದೆ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಿಡುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಹಾಕಿತ್ತು. ಬೋರಿನ ನೀರೋ ಸಂಸ್ಕರಿಸಿದ ನೀರೋ ಇಲ್ಲದಿದ್ದರೆ ಬೇಸಿಗೆಯಲ್ಲಿ ಹುಲ್ಲು ಕಂದಲು ಬಿಡಿ. ಬೇರು ಗಟ್ಟಿಯಿದ್ದರೆ ಮಳೆಗೆ ಮತ್ತೆ ಚಿಗುರುತ್ತದೆ.

ಭರಣಿ, ಕೃತ್ತಿಕಾ ಮಳೆ ಬಿದ್ದ ಸಂಜೆ ದೀಪಕ್ಕೆ ಕಂದು ದುಂಬಿಗಳು ಮುತ್ತಿದರೆ ಅದು ಗೊಣ್ಣೆಹುಳುವಿನ ಮುನ್ಸೂಚನೆ. ಜುಲೈ, ಆಗಸ್ಟ್‌ನಲ್ಲಿ ಗೊರವಂಕ, ಕಾಗೆ ಒಂದೇ ಕಡೆ ಕುಕ್ಕುತ್ತಿದ್ದರೆ, ಹುಲ್ಲು ಚಾಪೆಯಂತೆ ಸುರುಳಿ ಎದ್ದರೆ, ಬೇರು ತಿಂದಾಗಿದೆ. ಇದನ್ನು ಮೊದಲು ಗಮನಿಸುವವರು ಪ್ರತಿವಾರ ಅದೇ ನೆಲ ಮುಟ್ಟುವ ಮಾಲಿಯೇ.

ನೆಲಕ್ಕೆ ತೂತು ಮಾಡಿ ಮಣ್ಣು ಹಾಕಿಸಲು ದಿನಗೂಲಿ ತಂಡವನ್ನು ಕರೆಯಬೇಕಾದ್ದು ಜೂನ್ ಮೊದಲ ಎರಡು ವಾರ, ನೆಲ ನೆನೆದ ಮೇಲೆ. ಮಾರ್ಚ್‌ನಲ್ಲಿ ಹುಲ್ಲನ್ನು ಬುಡದವರೆಗೆ ಕತ್ತರಿಸಿ ಮಣ್ಣು ಹಾಕಿಸಿದರೆ ಬಿಸಿಲಿಗೆ ಹಾಸೇ ಸುಟ್ಟುಹೋಗುತ್ತದೆ. ಗಾರ್ಡನ್ ಫೋರ್ಕಿನಿಂದ ಆರಾರು ಇಂಚಿಗೆ ಮೂರಿಂಚು ಆಳದ ತೂತು, ಮೇಲೆ ಕಾಲಿಂಚು ಮಿಶ್ರಣ: ಕೆಮ್ಮಣ್ಣು, ಮರಳು, ಕಳಿತ ಗೊಬ್ಬರ ಸಮಸಮ. ಸಾವಿರ ಚದರಡಿಗೆ 21 ಘನ ಅಡಿ, ಅಂದರೆ ಸುಮಾರು 17 ಸಿಮೆಂಟ್ ಚೀಲ. ಮಣ್ಣಿನ ಲೋಡಿನಲ್ಲೇ ಜೇಕಿನ ಗಡ್ಡೆ ಬರುತ್ತದೆ, ಆದ್ದರಿಂದ ಕಾಲಿಂಚಿನ ಜಾಲರಿಯಲ್ಲಿ ಎದುರಿಗೇ ಜರಡಿ ಹಿಡಿಸಿ. ಹರಡಿದ ಮೇಲೆ ಹುಲ್ಲಿನ ತುದಿ ಕಾಣುತ್ತಿರಬೇಕು, ಪೂರ್ತಿ ಮುಚ್ಚಿದರೆ ಒಳಗೇ ಕೊಳೆಯುತ್ತದೆ. ಕೂಲಿಯನ್ನು ಅಂದೇ ಕೊಟ್ಟು, ಮೇಸ್ತ್ರಿಯ ಪಾಲಿನ ಒಂದು ಭಾಗವನ್ನು ಹತ್ತು ದಿನ ಬಿಟ್ಟು, ಹಸಿರು ಮಣ್ಣಿನ ಮೇಲೆ ಬಂದ ಮೇಲೆ ಕೊಡುವುದೆಂದು ಮೊದಲೇ ಮಾತಾಡಿಕೊಳ್ಳಿ.