240 ರೂಪಾಯಿಯ ಪೆಗ್ ಅಳತೆ ಮತ್ತು ನನ್ನ ‘ಎರಡೇ ಸ್ಮಾಲ್’

ಮೈಸೂರಿನ ಒಂದು ಪಾತ್ರೆ ಅಂಗಡಿಯಲ್ಲಿ 240 ರೂಪಾಯಿ ಕೊಟ್ಟು ಕೊಂಡ ಸ್ಟೀಲಿನ ಪೆಗ್ ಅಳತೆಯನ್ನು ನಾಲ್ಕು ತಿಂಗಳು ಬಳಸಿದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನೋಡಲು ಡಮರುವಿನಂತಿರುವ ಇದರ ಒಂದು ಬಾಯಿ 30 ಮಿ.ಲೀ., ಇನ್ನೊಂದು 60 ಮಿ.ಲೀ. ಹಿಡಿಯುತ್ತದೆ ಎಂದು ನಡುವಿನ ಪಟ್ಟಿಯ ಮೇಲೆ ಕೊರೆದಿದ್ದಾರೆ. ಕಾಕ್‌ಟೇಲ್ ಬೆರೆಸುವ ಶೋಕಿಗಾಗಿ ಇದನ್ನು ಕೊಂಡದ್ದಲ್ಲ. ಆರೋಗ್ಯ ತಪಾಸಣೆಯ ಸ್ಕ್ಯಾನಿಂಗ್ ವರದಿಯಲ್ಲಿ ‘ಗ್ರೇಡ್ 1 ಫ್ಯಾಟಿ ಲಿವರ್’, ಅಂದರೆ ಯಕೃತ್ತಿನಲ್ಲಿ ಕೊಬ್ಬು ಸೇರುವುದರ ಮೊದಲ ಹಂತ, ಎಂದು ಬಂದಿತ್ತು. ಎಷ್ಟು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗ, ವಾರಕ್ಕೆ ಐದು ದಿನ, ಎರಡೇ ಸ್ಮಾಲ್ (30 ಮಿ.ಲೀ.ನ ಎರಡು ಪೆಗ್) ಎಂದೆ. ಬಾರಿನಲ್ಲೋ ಮನೆಯಲ್ಲೋ ಎಂಬುದು ಅವರ ಮುಂದಿನ ಪ್ರಶ್ನೆಯಾಗಿತ್ತು. ಮನೆಯಲ್ಲೇ ಎಂದಾಗ ನಕ್ಕು, ಹಾಗಾದರೆ ಮೊದಲು ಅಳೆದು ನೋಡಿ, ಆಮೇಲೆ ಮಾತನಾಡೋಣ ಎಂದರು.

ಅಂದು ಸಂಜೆ ನನ್ನ ಎಂದಿನ ಲೋಟವನ್ನು ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟು, ಕಣ್ಣಂದಾಜಿನಲ್ಲಿ ‘ಒಂದು ಸ್ಮಾಲ್’ ಎನಿಸುವವರೆಗೆ ನೀರು ಸುರಿದೆ. ನೀರಿಗಾದರೆ ಒಂದು ಗ್ರಾಂ ಎಂದರೆ ಒಂದು ಮಿ.ಲೀ., ಲೆಕ್ಕ ಸುಲಭ. ತಕ್ಕಡಿ 47 ತೋರಿಸಿತು. ದಪ್ಪ ತಳದ, ಅಗಲ ಬಾಯಿಯ ಲೋಟದಲ್ಲಿ ಒಂದು ಬೆರಳೆತ್ತರವೆಂದರೆ ಎಷ್ಟೆಂಬುದು ಇಷ್ಟು ವರ್ಷವೂ ನನಗೆ ಗೊತ್ತೇ ಇರಲಿಲ್ಲ. 750 ಮಿ.ಲೀ. ಬಾಟಲಿ ಹನ್ನೆರಡು ಸಂಜೆ ಬಾಳಬೇಕಾದದ್ದು ಎಂಟಕ್ಕೇ ಖಾಲಿಯಾಗುತ್ತಿದ್ದುದಕ್ಕೆ ನಾನು ಬಂದುಹೋಗುವ ನೆಂಟರನ್ನು ಕಾರಣ ಮಾಡುತ್ತಿದ್ದೆ. ಮನೆಯಾಕೆ ಮಾತ್ರ ಅದನ್ನು ಎಂದೂ ನಂಬಿರಲಿಲ್ಲ.

ನಮ್ಮಲ್ಲಿ ಮಾರುವ ವಿಸ್ಕಿ, ರಮ್, ಬ್ರಾಂದಿಗಳ ಲೇಬಲ್ಲಿನಲ್ಲಿ ಆಲ್ಕೋಹಾಲ್ ಪ್ರಮಾಣ, ಗಾತ್ರದ ಲೆಕ್ಕದಲ್ಲಿ, ಸಾಮಾನ್ಯವಾಗಿ ಶೇ. 42.8 ಎಂದಿರುತ್ತದೆ. ಹಾಗಾಗಿ 30 ಮಿ.ಲೀ.ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. 180ರ ಒಂದು ಕ್ವಾರ್ಟರ್‌ನಲ್ಲಿ 60 ಗ್ರಾಂ. ಸೋಡಾ ಎಷ್ಟೇ ಬೆರೆಸಿದರೂ ಈ ಗ್ರಾಂಗಳಲ್ಲಿ ಬದಲಾವಣೆಯಿಲ್ಲ. ಶೀತಕ್ಕೆ ಬ್ರಾಂದಿ ಒಳ್ಳೆಯದು, ರಮ್ ಮೈಗೆ ಬಿಸಿ ಎಂಬ ಭೇದಗಳೆಲ್ಲ ನಾಲಿಗೆ ಗಂಟಲುಗಳವರೆಗೆ ಮಾತ್ರ, ಯಕೃತ್ತಿಗೆ ಅವು ತಿಳಿಯುವುದಿಲ್ಲ. ಬ್ರಿಟನ್ನಿನ ಮಾರ್ಗಸೂಚಿ 2016ರಿಂದ ವಾರಕ್ಕೆ 14 ಯೂನಿಟ್, ಅಂದರೆ 112 ಗ್ರಾಂ ದಾಟಬಾರದೆನ್ನುತ್ತದೆ. ನಾನು ಬಾಯಲ್ಲಿ ಹೇಳುತ್ತಿದ್ದ ಲೆಕ್ಕ ವಾರಕ್ಕೆ 101 ಗ್ರಾಂ, ಕೈ ಸುರಿಯುತ್ತಿದ್ದ ಲೆಕ್ಕ 158. ಮಿತಿಯೊಳಗೆ ಇದ್ದೇನೆಂಬ ನನ್ನ ಸಮಾಧಾನಕ್ಕೆ ಆಧಾರ ಆ ಲೋಟದ ಆಕಾರವಷ್ಟೇ ಆಗಿತ್ತು.

ಈ ಹೆಚ್ಚುವರಿ ಗ್ರಾಂಗಳು ಏನು ಮಾಡುತ್ತವೆ ಎಂಬುದನ್ನು ವೈದ್ಯರು ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಯಕೃತ್ತು ಆಲ್ಕೋಹಾಲನ್ನು ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಸ್ತುವಾಗಿಸಿ, ಅದನ್ನು ಮತ್ತೆ ಅಸಿಟೇಟ್ ಆಗಿಸಿ ಹೊರಗಟ್ಟುತ್ತದೆ. ಈ ಕೆಲಸದಲ್ಲಿ ತೊಡಗಿರುವಷ್ಟು ಹೊತ್ತು ಕೊಬ್ಬನ್ನು ಉರಿಸುವ ಅದರ ನಿತ್ಯದ ಕಾಯಕ ಹಿಂದೆ ಬೀಳುವುದರಿಂದ, ಉಳಿದ ಕೊಬ್ಬು ಜೀವಕೋಶಗಳಲ್ಲಿ ಹನಿಹನಿಯಾಗಿ ಕೂಡಿಕೊಳ್ಳುತ್ತದೆ. ಪಕ್ಕದಲ್ಲಿ ಕರಿದ ಕಡಲೆಬೀಜದ ತಟ್ಟೆಯೂ ಸೊಂಟದ ಸುತ್ತ ಬೊಜ್ಜೂ ಇದ್ದರೆ ಕೆಲಸ ಇನ್ನೂ ಬೇಗ ಆಗುತ್ತದೆ, ನನ್ನಲ್ಲಿ ಎರಡೂ ಇದ್ದವು. ಈ ಹಂತದಲ್ಲಿ ನೋವಿಲ್ಲ, ಯಕೃತ್ತಿನ ರಕ್ತಪರೀಕ್ಷೆಯಲ್ಲಿ ನೋಡುವ ಎಸ್‌ಜಿಪಿಟಿ ಸಹ ಸರಿಯಾಗಿಯೇ ಇರಬಹುದು. ಕುಡಿತ ನಿಲ್ಲಿಸಿದರೆ ಮದ್ಯದಿಂದ ಬಂದ ಕೊಬ್ಬು ಕೆಲವು ವಾರಗಳಲ್ಲೇ ಇಳಿಯುತ್ತದೆ. ನಿಲ್ಲಿಸದೆ ಉರಿಯೂತಕ್ಕೂ ಅಲ್ಲಿಂದ ಸಿರೋಸಿಸ್‌ಗೂ ಹೋದರೆ ಗಾಯದ ಕಲೆಗಟ್ಟಿದ ಯಕೃತ್ತು ಮೊದಲಿನಂತಾಗುವುದು ಕಷ್ಟ.

ಇನ್ನು ವಸ್ತುವಿನ ಗುಣದೋಷಕ್ಕೆ ಬರುತ್ತೇನೆ. ಸ್ಟೀಲು ಗಟ್ಟಿಯಾಗಿದೆ, ತೊಳೆಯುವುದು ಸುಲಭ, ನಾಲ್ಕು ತಿಂಗಳಲ್ಲಿ ತುಕ್ಕು ಕಂಡಿಲ್ಲ. ಅಂಚು ಮಡಿಸಿಲ್ಲದ ಕಾರಣ ಸುರಿಯುವಾಗ ಒಂದೆರಡು ಹನಿ ಹೊರಮೈಯಲ್ಲಿ ಇಳಿದು ಮೇಜಿಗೆ ಬೀಳುತ್ತವೆ. ದೊಡ್ಡ ದೋಷ ಬೇರೆಯೇ ಇದೆ. ಅದೇ ತಕ್ಕಡಿಯಲ್ಲಿ ತೂಗಿದಾಗ 30ರ ಬಾಯಿ ಅಂಚಿನವರೆಗೆ 34, 60ರ ಬಾಯಿ 67 ಹಿಡಿಯಿತು. ಒಳಗೆ ಗೆರೆಯಿಲ್ಲದಿರುವುದರಿಂದ ಎಲ್ಲಿಗೆ ನಿಲ್ಲಿಸಬೇಕೆಂದು ತಿಳಿಯುವುದೇ ಇಲ್ಲ. ಬಾರುಗಳಲ್ಲಿ ಬಳಸುವ ಅಳತೆಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇರಬೇಕು. ಮನೆಬಳಕೆಗೆಂದು ಮಾರುವ ಇದರ ಮೇಲೆ ಅಂಥ ಗುರುತಿಲ್ಲ. ಕೊಳ್ಳುವವರು ಮೊದಲು ನೀರು ಹಾಕಿ ತೂಗಿ, 30ಕ್ಕೆ ಸರಿಯಾಗಿ ಒಳಮೈಯಲ್ಲಿ ಮೊಳೆಯಿಂದ ಗೀರಿಕೊಳ್ಳಬೇಕು. ನಾನು ಹಾಗೆಯೇ ಮಾಡಿಕೊಂಡಿದ್ದೇನೆ.

ಅಳತೆ ಕೈಗೆ ಬಂದ ಮಾತ್ರಕ್ಕೆ ಕುಡಿತ ನಿರಪಾಯವಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಇಷ್ಟರವರೆಗೆ ಕುಡಿದರೆ ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಹೆಪಟೈಟಿಸ್ ಬಿ ಅಥವಾ ಸಿ ಇರುವವರಿಗೆ, ಸಿರೋಸಿಸ್ ಆಗಿರುವವರಿಗೆ, ಗರ್ಭಿಣಿಯರಿಗೆ ಈ ಅಳತೆಯ ಯಾವ ಬಾಯಿಯೂ ಬೇಡ. ನನ್ನ ಮಟ್ಟಿಗೆ ವಾರದ ಐದು ಸಂಜೆ ಈಗ ಎರಡಕ್ಕಿಳಿದಿದೆ, ಅದೂ ಗೀರಿನವರೆಗೆ. ಅಡುಗೆಮನೆಯಲ್ಲಿ ನಿಂತು ಅಳೆಯುವ ಆ ಅರ್ಧ ನಿಮಿಷದಲ್ಲಿ ಮೂರನೆಯದರ ಆಸೆ ಅರ್ಧ ಸತ್ತಿರುತ್ತದೆ ಎಂಬುದು ನಾನು ನಿರೀಕ್ಷಿಸದೇ ಇದ್ದ ಲಾಭ.

ಕಳೆದ ವಾರ ಅದೇ ಅಂಗಡಿಯ ಮುಂದೆ ಹಾದುಹೋಗುವಾಗ ಒಳಹೊಕ್ಕು, ಅಳತೆ ನಾಲ್ಕು ಮಿ.ಲೀ. ಹೆಚ್ಚು ಹಿಡಿಯುತ್ತದೆ ಎಂದು ದೂರು ಹೇಳಿದೆ. ಅಂಗಡಿಯವರು ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ ಹೇಳಿದರು: ‘ಕಮ್ಮಿ ಹಿಡಿಯುತ್ತೆ ಅಂತ ಜಗಳಕ್ಕೆ ಬಂದೋರನ್ನ ನೋಡಿದ್ದೀನಿ ಸಾರ್, ಜಾಸ್ತಿ ಹಿಡಿಯುತ್ತೆ ಅಂತ ಬಂದೋರು ನೀವೇ ಮೊದಲು.’